ಮುಂಜಾನೆ ಹಳಿಯ ಮೇಲೆ ನಡೆದವರು

ಹಾರ್ಲನ್ ಶೂಪ್ ಮೂವತ್ನಾಲ್ಕು ವರ್ಷ ತಲೆ ತಗ್ಗಿಸಿ ನಡೆದ ಮನುಷ್ಯ. ನಾಚಿಕೆಯ ಸ್ವಭಾವದವನೆಂದಲ್ಲ, ರೈಲುಹಳಿಯ ತಪಾಸಣೆ ಅವನ ಕೆಲಸವಾಗಿತ್ತು. ಜೂನಿಯಾಟಾ ನದಿಯ ದಂಡೆಗುಂಟ ಹೋಗುವ ಹಳಿಯಲ್ಲಿ ಹದಿನಾಲ್ಕು ಮೈಲಿ ಅವನ ಪಾಲಿನದು. ಎಲ್ಲಿ ಮೊಳೆ ಸಡಿಲಾಗಿದೆ, ಎಲ್ಲಿ ಹಳಿಯಡಿಯ ದಿಮ್ಮಿ ಒಳಗೊಳಗೇ ಕೊಳೆತಿದೆ, ಎಲ್ಲಿ ಉಕ್ಕು ಕೂದಲೆಳೆಯಷ್ಟು ಬಿರಿದಿದೆ ಎಂಬುದನ್ನು ಅವನು ಕಣ್ಣಿನಿಂದಲೂ ಕಿವಿಯಿಂದಲೂ ಕಂಡುಹಿಡಿಯುತ್ತಿದ್ದನು. ಪಾದ್ರಿಗಳು ಬೇರೆ ಊರಿನ ಸಭೆಗೆ ಹೋಗುವ ಭಾನುವಾರಗಳಲ್ಲಿ ನಮ್ಮ ಸಣ್ಣ ಸಭೆಗೆ ಪ್ರಸಂಗ ಮಾಡುವ ಹೊಣೆ ನನ್ನದು. ಅಂಥ ಎಷ್ಟೋ ಭಾನುವಾರ ವೇದಿಕೆಯ ಮೇಲಿಂದ ನೋಡಿದ್ದೇನೆ, ಎಲ್ಲರ ಕಣ್ಣು ನನ್ನ ಮೇಲಿದ್ದರೆ ಹಾರ್ಲನ್ನನ ಕಣ್ಣು ಮಾಡಿನ ತೊಲೆಗಳ ಮೇಲಿರುತ್ತಿತ್ತು.

ಬಿಸಿಲಿಗೆ ಹಳಿ ಹಿಗ್ಗಿ ಡೊಂಕಾಗುತ್ತದೆ. ಆದುದರಿಂದ ಊರಿಗೆಲ್ಲ ರಜೆ ಸಿಗುವ ಬೇಸಿಗೆಯಲ್ಲಿ ಅವನಿಗೆ ಮಾತ್ರ ರಜೆಯಿಲ್ಲ. ಅವನ ಹೆಂಡತಿ ವರ್ನಾ ಶಾಲೆಯ ಅಡುಗೆಮನೆಯಲ್ಲಿ ದುಡಿಯುವವಳು. ಅವಳಿಗೆ ರಜೆಯಿರುತ್ತಿದ್ದುದು ಬೇಸಿಗೆಯಲ್ಲೇ. ಹೀಗೆ ಮೂವತ್ನಾಲ್ಕು ಬೇಸಿಗೆಗಳು ಅವರಿಬ್ಬರ ನಡುವೆ ಹಾದುಹೋದವು. ಈ ವರ್ಷ ಏಪ್ರಿಲ್‌ನಲ್ಲಿ ಹಾರ್ಲನ್ ನಿವೃತ್ತನಾದನು. ಬೇಸಿಗೆ ಏರಿದ್ದ ಜುಲೈನಲ್ಲಿ ವರ್ನಾ ಯಾರನ್ನೂ ಕೇಳದೆ, ಗುಡ್ಡದಾಚೆಯ ಲಾರೆಲ್ ಬೆಂಡ್ ಎಂಬ ಥೀಮ್ ಪಾರ್ಕಿಗೆ ಐದು ದಿನದ ಟಿಕೆಟ್ ತೆಗೆದಳು.

ಆ ಪಾರ್ಕನ್ನು ಹಿಂದಿನ ಕಾಲದ ಮರಕಡುಕರ ಊರಿನಂತೆ ಕಟ್ಟಿದ್ದಾರೆ. ಅದರ ನಡುವೆ ಏಳಂತಸ್ತಿನ ಎತ್ತರಕ್ಕೆ ನಿಂತಿರುವುದು ಮರದ ರೋಲರ್ ಕೋಸ್ಟರ್. ಅದಕ್ಕೆ ಎಲ್ಲರೂ ಹಳೇ ಹ್ಯಾನಾ ಎನ್ನುತ್ತಾರೆ. ಹುಡುಗಿಯಾಗಿದ್ದಾಗಿನಿಂದಲೂ ವರ್ನಾಳಿಗೆ ಹ್ಯಾನಾ ಎಂದರೆ ಪ್ರಾಣ. ಗಂಡನ ಪಕ್ಕದಲ್ಲಿ ಕುಳಿತು ಅದರಲ್ಲಿ ಒಂದು ಸುತ್ತು ಹೋಗಬೇಕೆಂಬುದೇ ಈ ರಜೆಯಲ್ಲಿ ಅವಳ ಒಂದೇ ಆಸೆ.

ಆದರೆ ಹಾರ್ಲನ್ ಹತ್ತಲಿಲ್ಲ. ಇದಕ್ಕೊಂದು ಹಿನ್ನೆಲೆಯಿದೆ. ಬಹಳ ವರ್ಷಗಳ ಹಿಂದೆ ಒಂದು ಚಳಿಯ ಬೆಳಿಗ್ಗೆ, ಪ್ರಯಾಣಿಕರ ಗಾಡಿ ಬರಲು ಹನ್ನೆರಡು ನಿಮಿಷ ಇರುವಾಗ, ಅವನು ಮುರಿದ ಹಳಿಯೊಂದನ್ನು ಕಂಡನು. ಓಡಿಹೋಗಿ ಗಾಡಿ ನಿಲ್ಲಿಸಿದನು. ಗಾಡಿ ನಲವತ್ತು ನಿಮಿಷ ತಡವಾಯಿತೆಂದು ಪ್ರಯಾಣಿಕರು ಗೊಣಗಿದರು. ಏಕೆ ತಡವಾಯಿತೆಂದು ಯಾರೂ ಕೇಳಲಿಲ್ಲ. ಅಂದಿನಿಂದ ಅವನ ಮನಸ್ಸಿನಲ್ಲಿ ಒಂದು ಮಾತು ಬೇರೂರಿತು: ನಾನು ನೋಡದಿದ್ದರೆ ಯಾರು ನೋಡುತ್ತಿದ್ದರು? ತಾನು ಕಣ್ಣಾರೆ ನೋಡದ ಯಾವುದರ ಮೇಲೂ ಅವನು ಭಾರ ಹಾಕಲಾರದವನಾದನು.

"ನೀನು ಹೋಗ್ಬಾ ವರ್ನಾ. ನಾನು ಇಲ್ಲೇ ಬ್ಯಾಗ್ ನೋಡ್ಕೋತೀನಿ," ಎಂದನು ಮೊದಲ ದಿನ.

"ಬ್ಯಾಗಲ್ಲಿ ಏನಿದೆ? ಎರಡು ಬಾಳೆಹಣ್ಣು, ನಿನ್ನ ಸ್ವೆಟರ್ರು. ಯಾವ ಕಳ್ಳ ಬರ್ತಾನೆ ಅದಕ್ಕೆ?"

ಅವನು ಕದಲಲಿಲ್ಲ. ವರ್ನಾ ಒಂಟಿಯಾಗಿ ಬಂದವರ ಸಾಲಿನಲ್ಲಿ ನಿಂತು, ದಿನಕ್ಕೊಬ್ಬರು ಅಪರಿಚಿತರ ಪಕ್ಕದಲ್ಲಿ ಕುಳಿತು ಹೋಗಿಬಂದಳು. ನಾಲ್ಕನೆಯ ದಿನ ಪಕ್ಕದಲ್ಲಿ ಕುಳಿತಿದ್ದ ಬೇಕರಿಯವನು ಅವಳ ಕೈಯ ಉಂಗುರ ನೋಡಿ ಮೆಲ್ಲಗೆ ಕೇಳಿದನಂತೆ:

"ಯಜಮಾನ್ರು ತೀರ್ಕೊಂಡು ಬಹಳ ದಿನ ಆಯ್ತಾ ಅಮ್ಮ?"

"ಇಲ್ಲಪ್ಪ. ಕೆಳಗಡೆ ಬ್ಯಾಗ್ ಕಾಯ್ತಾ ಇದಾರೆ."

ನಗುತ್ತಲೇ ಹೇಳಿದಳಾದರೂ ಆ ಪ್ರಶ್ನೆ ಅವಳ ಎದೆಯಲ್ಲಿ ಉಳಿದುಕೊಂಡಿತು. ಮರುದಿನ ಶುಕ್ರವಾರ, ಕೊನೆಯ ದಿನ. ಕೋಣೆ ಬಿಟ್ಟಾಗಿತ್ತು, ಸಾಮಾನು ಕಾರಿನಲ್ಲಿತ್ತು, ಐದು ಗಂಟೆಗೆ ಊರಿಗೆ ಹೊರಡಬೇಕು. ಬೆಳಗಿನ ಕಾಫಿಯ ಮುಂದೆ ವರ್ನಾ ಚಮಚ ಕೆಳಗಿಟ್ಟಳು.

"ಮೂವತ್ನಾಲ್ಕು ಬೇಸಿಗೆ ಆ ಹಳಿಗೆ ಕೊಟ್ಟೆ ಹಾರ್ಲ್. ನಾನು ತಕರಾರು ಮಾಡ್ಲಿಲ್ಲ. ನನಗೆ ಎರಡು ನಿಮಿಷ ಕೊಡಕ್ಕಾಗಲ್ವಾ?"

"ಆ ಹಳೀನ ನಾನು ನೋಡಿಲ್ಲ ಕಣೆ."

"ನೋಡಿದೋರು ಯಾರೋ ಇರ್ತಾರೆ."

"ಯಾರು?"

ವರ್ನಾ ಕಪ್ಪನ್ನು ಪಕ್ಕಕ್ಕೆ ಸರಿಸಿ ಎದ್ದಳು.

ಮಧ್ಯಾಹ್ನ ಒಂದು ಗಂಟೆಗೆ ವರ್ನಾ ಮತ್ತೆ ಒಬ್ಬಳೇ ಸಾಲಿನಲ್ಲಿ ನಿಂತಳು. ಹಾರ್ಲನ್ ಬೇಲಿಯ ಪಕ್ಕದಲ್ಲಿ, ಹ್ಯಾನಾಳ ಮೂರನೆಯ ಇಳಿಜಾರಿನ ಕೆಳಗೆ, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ನಿಂತನು. ಒಂದು ಗಾಡಿ ಮೇಲೆ ಹಾದುಹೋಯಿತು. ಜನರ ಕೂಗಿನ ಹಿಂದೆ ಅವನಿಗೊಂದು ಸದ್ದು ಕೇಳಿಸಿತು: ಟಕ್. ಎರಡನೆಯ ಗಾಡಿಗೂ ಟಕ್. ಮೂರನೆಯದಕ್ಕೂ ಅದೇ ಜಾಗದಲ್ಲಿ ಟಕ್. ಸಡಿಲಾದ ಹಳಿ ಹಾಗೇ ಟೊಳ್ಳಾಗಿ ನುಡಿಯುತ್ತದೆ. ಟೊಳ್ಳು ಸದ್ದು ಕೇಳಿದರೆ ಹಳಿಯವನು ಯಾರ ಅಪ್ಪಣೆಗೂ ಕಾಯುವುದಿಲ್ಲ. ಹಾರ್ಲನ್ ಗಾಡಿ ಹತ್ತುವ ಕಟ್ಟೆಯತ್ತ ಓಡಿ, ತಲೆಯ ಮೇಲಿನ ಟೋಪಿ ತೆಗೆದು, ಮೊಣಕಾಲಿನ ಮಟ್ಟದಲ್ಲಿ ಎಡಕ್ಕೂ ಬಲಕ್ಕೂ ಜೋರಾಗಿ ಬೀಸತೊಡಗಿದನು. ರೈಲಿನವರ ಭಾಷೆಯಲ್ಲಿ ಅದಕ್ಕಿರುವುದು ಒಂದೇ ಅರ್ಥ: ಇದ್ದಲ್ಲೇ ನಿಲ್ಲಿಸು.

ಗಾಡಿ ನಡೆಸುವ ಹುಡುಗಿಗೆ ಆ ಭಾಷೆ ತಿಳಿಯದು. ಆದರೆ ಬಿಳಿಗೂದಲಿನ ಮನುಷ್ಯನೊಬ್ಬ ಹಾಗೆ ಕುಣಿಯುವುದನ್ನು ಕಂಡು ಗಾಬರಿಯಾಗಿ ಕೆಂಪು ಗುಂಡಿ ಒತ್ತಿದಳು. ಇಪ್ಪತ್ನಾಲ್ಕು ಜನರಿದ್ದ ಗಾಡಿ ಮೇಲೇರುತ್ತಿದ್ದ ದಿಬ್ಬದ ಅರ್ಧದಲ್ಲೇ ನಿಂತಿತು.

"ಏನಾಯ್ತು ಸರ್? ಯಾರಾದ್ರೂ ಬಿದ್ರಾ?"

"ಮೂರನೇ ಇಳಿಜಾರು, ಎಡಗಡೆ. ಟೊಳ್ಳು ಸದ್ದು ಬರ್ತಿದೆ."

"ನೀವು ಇಲ್ಲಿ ಕೆಲಸ ಮಾಡ್ತೀರಾ?"

"ಇಲ್ಲ."

"ಮತ್ತೆ?"

"ರಜಕ್ಕೆ ಬಂದಿದೀನಿ."

ಸಾಲಿನಲ್ಲಿದ್ದ ಒಬ್ಬ ದಪ್ಪ ಮನುಷ್ಯ ಕೂಗಿ ಹೇಳಿದನು: "ರಜಕ್ಕೆ ಬಂದೋರು ಆಲೂಗಡ್ಡೆ ಫ್ರೈ ತಿಂದ್ಕೊಂಡು ಸುಮ್ಮನಿರ್ಬೇಕಪ್ಪ, ನಮ್ಮ ಮಜಾ ಯಾಕೆ ಕೆಡಿಸ್ತೀರಾ?"

ಇತ್ತ ದಿಬ್ಬದ ಮೇಲೆ ವರ್ನಾಳ ಪಕ್ಕದಲ್ಲಿದ್ದವನು ಬಗ್ಗಿ ನೋಡಿ, "ಯಾವನೋ ಹುಚ್ಚ ಟೋಪಿ ಬೀಸ್ತಾ ಇದಾನೆ ನೋಡಿ," ಎಂದನು.

"ನೋಡ್ದೆ," ಎಂದಳು ವರ್ನಾ. "ಅವನನ್ನ ಮದುವೆ ಆಗಿ ಮೂವತ್ತೇಳು ವರ್ಷ ಆಯ್ತು."

ಇಪ್ಪತ್ತೈದು ನಿಮಿಷದ ಮೇಲೆ ಅವರನ್ನೆಲ್ಲ ದಿಬ್ಬದ ಪಕ್ಕದ ಮೆಟ್ಟಿಲುಗಳಿಂದ ಒಬ್ಬೊಬ್ಬರಾಗಿ ಇಳಿಸಿದರು. ಹ್ಯಾನಾಳ ಬಾಗಿಲಿಗೆ ಸರಪಣಿ ಬಿತ್ತು. ವರ್ನಾ ಬಂದು ಬೆಂಚಿನ ಮೇಲೆ ಕುಳಿತಳು. ಅವಳು ಕೋಪಗೊಂಡಿದ್ದರೆ ಹಾರ್ಲನ್ ಸಹಿಸಿಕೊಳ್ಳುತ್ತಿದ್ದನು.

"ನಾನು ಇನ್ನು ಕೇಳಲ್ಲ ಹಾರ್ಲ್," ಎಂದಳು ಅಷ್ಟೆ. "ನಿನಗೆ ಬರಕ್ಕಾಗಲ್ಲ. ಗೊತ್ತಾಯ್ತು."

ಆಗ ಬಂದವಳು ಟ್ರೂಡಿ ರಿಟ್ಟರ್. ಐವತ್ತರ ಆಸುಪಾಸಿನ ಹೆಂಗಸು; ಸೊಂಟದಲ್ಲಿ ಸುತ್ತಿಗೆ, ಕಿವಿಯ ಮೇಲೆ ಪೆನ್ಸಿಲ್, ಪ್ಯಾಂಟಿನ ಮೊಣಕಾಲುಗಳಲ್ಲಿ ಗ್ರೀಸಿನ ಕರಿ. ಹ್ಯಾನಾಳ ಬಡಗಿ ಅವಳೇ.

"ಸದ್ದು ಕೇಳಿಸ್ಕೊಂಡೋರು ಯಾರು?" ಎಂದು ಕೇಳಿದಳು. ಹತ್ತು ಬೆರಳುಗಳು ಹಾರ್ಲನ್ನನತ್ತ ತಿರುಗಿದವು.

"ಕೊನೇ ಡಬ್ಬಿ ದಾಟೋಕೆ ಮುಂಚೆಯೋ, ಆಮೇಲೋ?"

"ಆಮೇಲೆ. ಹಿಂದಿನ ಚಕ್ರ ಬಿಟ್ಟ ತಕ್ಷಣ."

ಟ್ರೂಡಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹನ್ನೊಂದು ವರ್ಷದಲ್ಲಿ ಅದನ್ನ ಕೇಳಿಸ್ಕೊಂಡ ಎರಡನೇ ಮನುಷ್ಯ ನೀವು."

"ಮೊದಲನೆಯವರು?"

"ನಾನೇ. ಬನ್ನಿ ಒಳಗೆ."

ಬೇಲಿಯ ಬಾಗಿಲು ತೆಗೆದು ಅವನನ್ನು ಮೂರನೆಯ ಇಳಿಜಾರಿನ ಕಂಬಗಳ ನಡುವೆ ನಿಲ್ಲಿಸಿದಳು. ತಾನು ಮೇಲೆ ಹತ್ತಿ ಒಂದು ಗಂಟೆಗೂ ಹೆಚ್ಚು ಕಾಲ ಒಂದೊಂದು ಬೋಲ್ಟನ್ನೂ ಸುತ್ತಿಗೆಯಿಂದ ತಟ್ಟುತ್ತ ಹೋದಳು. ಕೆಳಗೆ ನಿಂತ ಹಾರ್ಲನ್ ಪ್ರತಿಯೊಂದು ತಟ್ಟಿಗೂ ಕಿವಿಗೊಟ್ಟನು. ಎಲ್ಲವೂ ಗಟ್ಟಿಯಾಗಿ, ಶುದ್ಧವಾಗಿ ನುಡಿದವು. ಬಳಿಕ ಅವಳು ಇಳಿದುಬಂದು, ಖಾಲಿ ಗಾಡಿಯೊಂದನ್ನು ಬಿಡಿಸಿ, ಅವನ ಅಂಗೈಯನ್ನು ಒಂದು ಕಂಬದ ಮೇಲೆ ಇರಿಸಿದಳು. ಗಾಡಿ ಬಂದಾಗ ಆ ಕಂಬ ಒಂದು ಬೆರಳಿನಷ್ಟು ವಾಲಿತು. ಹೋದಾಗ ತಾನೇ ನೆಟ್ಟಗಾಯಿತು. ಟಕ್.

"ನಿಮ್ಮ ಕಿವಿ ನೋಡಿದ್ರೆ ರೈಲಿನವರು ಅನ್ಸುತ್ತೆ," ಎಂದಳು. "ನಿಮ್ಮ ಹಳಿ ಅಲ್ಲಾಡಬಾರದು. ಇದು ಮರ ಅಲ್ವಾ, ಅಲ್ಲಾಡಲೇಬೇಕು. ಬಗ್ಗಿ ವಾಪಸ್ ಬಂದಾಗ ಆ ಅಡ್ಡಪಟ್ಟಿ ತನ್ನ ಜಾಗಕ್ಕೆ ಕೂತ್ಕೊಳ್ಳೋ ಸದ್ದು ಅದು. ಯಾವತ್ತು ಅದು ಕೇಳಿಸಲ್ವೋ, ಅವತ್ತು ನಾನೇ ಈ ಹ್ಯಾನಾ ಮುದುಕೀನ ನಿಲ್ಲಿಸ್ತೀನಿ."

"ಹಾಗಾದ್ರೆ ತಪ್ಪು ನಂದು."

"ಬೇಡದೆ ಒಂದು ಸಲ ನಿಲ್ಸಿದ್ರಿ. ಬೇಕಾದಾಗ ನಿಲ್ಲಿಸದೆ ಇರೋದಕ್ಕಿಂತ ವಾಸಿ."

"ಬೆಳಿಗ್ಗೆ ನೀವು ಇದರ ಮೇಲೆ ನಡೆದ್ರಾ?"

"ಐದೂಕಾಲಿಗೆ. ಮಳೆ ಬರ್ಲಿ, ಮಂಜು ಬೀಳ್ಲಿ, ದಿನಾ."

ಹಾರ್ಲನ್ ಬೇಲಿಯಾಚೆ ಐಸ್‌ಕ್ರೀಮ್ ನೆಕ್ಕುತ್ತ ನಿಂತ ಜನರನ್ನು ತೋರಿಸಿದನು. "ಅವರಿಗೆ ಗೊತ್ತಾ?"

"ಗೊತ್ತಾಗಿ ಏನಾಗ್ಬೇಕು? ಅವರು ಏನೂ ಯೋಚನೆ ಮಾಡ್ದೆ ಕೂಗ್ಕೊಂಡು ಹೋಗ್ಲಿ ಅಂತ ತಾನೇ ನಾನು ಮೇಲೆ ಹತ್ತೋದು." ಟ್ರೂಡಿ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಿಮ್ಮ ಹಳಿ ಯಾವ ಕಡೆ?"

"ಜೂನಿಯಾಟಾ ಪಕ್ಕದ್ದು."

"ಅಯ್ಯೋ, ನಮ್ಮಕ್ಕ ಪಿಟ್ಸ್‌ಬರ್ಗಲ್ಲಿ ಇದ್ದಳು. ಪ್ರತಿ ಕ್ರಿಸ್ಮಸ್ಸಿಗೂ ಆ ಗಾಡೀಲೇ ಹೋಗ್ತಿದ್ದೆ. ಹತ್ತಿದ ತಕ್ಷಣ ಬೂಟು ಬಿಚ್ಚಿ ಮಲಗಿಬಿಡ್ತಿದ್ದೆ."

"ಹಳಿ ಯಾರು ನೋಡಿದಾರೋ ಅಂತ ಯಾವತ್ತಾದ್ರೂ ಅನ್ಸಿತ್ತಾ?"

ಟ್ರೂಡಿ ಪ್ರಾಮಾಣಿಕಳು, ಒಂದು ಗಳಿಗೆ ಯೋಚಿಸಿದಳು. "ಒಂದು ಸಲಾನೂ ಇಲ್ಲ," ಎಂದಳು.

ಪ್ರಿಯರೇ, ಇದನ್ನೆಲ್ಲ ಹಾರ್ಲನ್ ಆಮೇಲೆ ನನಗೆ ಹೇಳಿದನು. ಅವನು ಕಾಯುತ್ತಿದ್ದ ಹದಿನಾಲ್ಕು ಮೈಲಿಯ ಮೇಲೆ ಈ ಹೆಂಗಸು ಬೂಟು ಬಿಚ್ಚಿ ನಿದ್ರಿಸಿದ್ದಳು. ಅವಳು ಕಾಯುತ್ತಿದ್ದ ಎರಡು ನಿಮಿಷದ ದಾರಿಗೆ ಮಾತ್ರ ಅವನು ತನ್ನ ಭಾರವನ್ನು ಒಪ್ಪಿಸಲಾರದೆ ಹೋಗಿದ್ದನು. ಲೋಕದಲ್ಲಿ ಎಚ್ಚರವಾಗಿರುವವನು ತಾನೊಬ್ಬನೇ ಎಂದು ಭಾವಿಸಿದ್ದನಲ್ಲ, ಅದು ಅವನ ಹೆಗಲಿಗೆ ಎಂಥ ಹೊರೆಯಾಗಿತ್ತು! ನಾವು ಏಳುವ ಮೊದಲೇ ಎದ್ದು ನಮ್ಮ ದಾರಿಯನ್ನು ತಟ್ಟಿ ನೋಡುವ ಕೈಗಳನ್ನು ಕರುಣಾಮಯನಾದ ದೇವರು ಊರೂರಿನಲ್ಲಿ ಇಟ್ಟಿದ್ದಾನೆ. ಅವರ ಹೆಸರು ನಮಗೆ ತಿಳಿಯದು. ತಿಳಿಯದೆಯೇ ಸುಖವಾಗಿ ತಲುಪುತ್ತೇವೆ.

ಹಾರ್ಲನ್ ಬೆಂಚಿನ ಬಳಿಗೆ ಬಂದಾಗ ಮೂರೂವರೆ. ಸರಪಣಿ ತೆಗೆಯುತ್ತಿದ್ದರು.

"ವರ್ನಾ, ಬೆಳಿಗ್ಗೆ ಕೇಳಿದ್ನಲ್ಲ, ಯಾರು ಅಂತ. ಟ್ರೂಡಿ ಅಂತ ಹೆಸರು."

"ಅದಕ್ಕೆ?"

"ಎದ್ದೇಳು. ಲೈನು ಉದ್ದ ಆಗೋಕೆ ಮುಂಚೆ ನಿಂತ್ಕೊಳ್ಳೋಣ."

ವರ್ನಾ ಅವನ ಮುಖವನ್ನೇ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಬ್ಯಾಗನ್ನು ಹೆಗಲಿನಿಂದ ಬೆಂಚಿನ ಮೇಲೆ ಇಳಿಸುತ್ತಿದ್ದನು.

"ಬ್ಯಾಗು?" ಎಂದಳು.

"ಬೆಂಚಿನ ಮೇಲಿರ್ಲಿ ಬಿಡು. ಯಾವ ಕಳ್ಳ ಬರ್ತಾನೆ."

ಸಾಲಿನಲ್ಲಿದ್ದ ದಪ್ಪ ಮನುಷ್ಯ ಅವನ ಗುರುತು ಹಿಡಿದನು. "ಬಂದ್ರಪ್ಪ ಇನ್‌ಸ್ಪೆಕ್ಟರ್ರು. ದಮ್ಮಯ್ಯ ಅಂತೀನಿ, ಟೋಪಿ ಜೇಬಲ್ಲಿಟ್ಕೊಳ್ಳಿ ಸರ್." ಹಾರ್ಲನ್ ಟೋಪಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡನು. ಸಾಲೆಲ್ಲ ನಕ್ಕಿತು; ವರ್ನಾಳೂ ನಕ್ಕಳು.

ಗಾಡಿ ದಿಬ್ಬ ಏರುವಷ್ಟು ಹೊತ್ತೂ ಅವನು ಕಬ್ಬಿಣದ ಅಡ್ಡಸರಳನ್ನು ಬಿಗಿಹಿಡಿದು ಕೆಳಗೆ ಜಾರಿಹೋಗುತ್ತಿದ್ದ ಹಲಗೆಗಳನ್ನು ಒಂದೊಂದಾಗಿ ನೋಡುತ್ತಿದ್ದನು. ತುದಿ ಹತ್ತಿರವಾದಾಗ ವರ್ನಾ ಅವನ ಗಲ್ಲ ಹಿಡಿದೆತ್ತಿದಳು.

"ಅದನ್ನ ಟ್ರೂಡಿ ನೋಡಿದಾಳೆ. ನೀನು ಆ ಕಡೆ ನೋಡು."

ಅವನು ನೋಡಿದನು. ಜೋಳದ ಹೊಲಗಳು, ದೂರದಲ್ಲಿ ಬಿಳಿಯ ಗೋಪುರವೊಂದು, ಗುಡ್ಡದ ಮೇಲೆ ಗುಡ್ಡ, ಸಂಜೆಯ ಬಿಸಿಲು. ಆಮೇಲೆ ನೆಲ ತಪ್ಪಿತು. ಮುಂದಿನದರ ಬಗ್ಗೆ ಗಂಡ ಹೆಂಡಿರ ಮಾತು ಹೊಂದುವುದಿಲ್ಲ. ತಾನು ತುಟಿ ಬಿಚ್ಚಲಿಲ್ಲವೆಂದು ಹಾರ್ಲನ್ ಹೇಳುತ್ತಾನೆ. ಮೊದಲ ಇಳಿಜಾರಿನಿಂದ ಕೊನೆಯವರೆಗೂ ಕೋಳಿಯಂತೆ ಕೂಗಿದನೆಂದು ವರ್ನಾ ಹೇಳುತ್ತಾಳೆ. ನಾನು ವರ್ನಾಳನ್ನು ನಂಬುತ್ತೇನೆ.

ಇಳಿದ ಮೇಲೆ ಅವನು ತಿರುಗಿ ಹಳಿಯನ್ನೊಮ್ಮೆ ನೋಡಿದನು.

"ಹೇಗಿತ್ತು?" ಎಂದಳು ವರ್ನಾ.

"ಚೆನ್ನಾಗಿ ಇಟ್ಕೊಂಡಿದಾರೆ," ಎಂದನು ಹಾರ್ಲನ್. ಹಳಿಯವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಬಳಿಕ ಗಡಿಯಾರ ನೋಡಿದನು. "ಐದಕ್ಕೆ ಇನ್ನೂ ಸಮಯ ಇದೆ. ಇನ್ನೊಂದು ಸುತ್ತು ಆಗುತ್ತಲ್ವಾ?"

ಅವರು ಹೊರಟಾಗ ಆರೂವರೆಯಾಗಿತ್ತು.

ಆ ಭಾನುವಾರ ಪ್ರಸಂಗದ ಸರದಿ ನನ್ನದು. ಪ್ರಸಂಗಕ್ಕೆ ಮುಂಚೆ ನಮ್ಮಲ್ಲಿ ಸ್ತೋತ್ರ ಹೇಳುವ ಹೊತ್ತೊಂದಿದೆ. ಮನಸ್ಸಿದ್ದವರು ಎದ್ದು ನಿಂತು ದೇವರಿಗೆ ಸಲ್ಲಿಸಬೇಕಾದ ವಂದನೆಯನ್ನು ಸಲ್ಲಿಸುತ್ತಾರೆ. ಹಾರ್ಲನ್ ಶೂಪ್ ಆ ಹೊತ್ತಿನಲ್ಲಿ ಎದ್ದವನಲ್ಲ. ಅಂದು ಎದ್ದನು. ಟ್ರೂಡಿ ರಿಟ್ಟರ್ ಎಂಬ ಬಡಗಿಗಾಗಿ ಸ್ತೋತ್ರ ಎಂದನು. ಶಾಲೆಯ ಬಸ್ಸಿನ ಬ್ರೇಕ್ ನೋಡುವವನಿಗಾಗಿ, ಊರಿನ ನೀರಿನ ತೊಟ್ಟಿ ತೊಳೆಯುವ ಅಣ್ಣತಮ್ಮಂದಿರಿಗಾಗಿ, ಚಳಿಗಾಲದಲ್ಲಿ ಎಲ್ಲರಿಗಿಂತ ಮೊದಲು ಬಂದು ನಮ್ಮ ಸಭೆಯ ಒಲೆ ಹೊತ್ತಿಸುವ ವಿಧವೆ ಆಲ್ಮಾಳಿಗಾಗಿ ಸ್ತೋತ್ರ ಎಂದನು. ಆಲ್ಮಾ ಕರವಸ್ತ್ರ ತೆಗೆದಳು. ಅವನ ಪಟ್ಟಿಯಲ್ಲಿ ಸೇತುವೆಗೆ ಬಣ್ಣ ಬಳಿಯುವವರು ಬಂದರು, ಔಷಧದಂಗಡಿಯಲ್ಲಿ ಮಾತ್ರೆ ಎಣಿಸುವವಳು ಬಂದಳು. ಒಬ್ಬರ ಹೆಸರು ಮುಗಿಯುತ್ತಲೂ ಅವನಿಗೆ ಇನ್ನೊಬ್ಬರು ನೆನಪಾಗುತ್ತಿದ್ದರು. ನಾನು ಬರೆದು ತಂದಿದ್ದ ಪ್ರಸಂಗವನ್ನು ಮಡಿಸಿ ಜೇಬಿಗಿಟ್ಟು ಕುಳಿತುಬಿಟ್ಟೆ. ಗಡಿಯಾರ ಹನ್ನೆರಡು ಹೊಡೆದರೂ ಅವನು ನಿಲ್ಲಿಸಲಿಲ್ಲ. ಕೊನೆಗೆ, "ಮನೇಲಿ ಒಲೆ ಮೇಲೆ ಮಾಂಸ ಸೀದುಹೋಗ್ತಿದೆ ಹಾರ್ಲ್," ಎಂದು ಪಿಸುಗುಟ್ಟಿ ವರ್ನಾ ಅವನ ಅಂಗಿ ಹಿಡಿದು ಕೂರಿಸಿದಳು. ಅವನು ಕುಳಿತುಕೊಂಡೇ, ಅವಳಿಗಾಗಿಯೂ ಸ್ತೋತ್ರ ಹೇಳಿದನು.