ಎಡಕ್ಕೊಂದು ಕಟ್ಟೆ

ಬೈಕ್ ಹತ್ತುವವರ ಬಲಗಾಲನ್ನು ನೀವು ಎಂದಾದರೂ ಗಮನಿಸಿದ್ದೀರೋ ಇಲ್ಲವೋ, ನಾನಂತೂ ಹೋದ ವರ್ಷ ನಾಲ್ಕು ತಿಂಗಳು ಬೇರೇನನ್ನೂ ನೋಡಲಿಲ್ಲ. ಕಾಲೇಜು ಹುಡುಗರು ಅದನ್ನು ಸೀಟಿನ ಹಿಂದಿನಿಂದ ಒಂದೇ ಬೀಸಿಗೆ ಆಚೆ ದಾಟಿಸುತ್ತಾರೆ. ಪಂಚೆಯುಟ್ಟ ಪುರೋಹಿತರು ಒಂದು ಕೈಯಲ್ಲಿ ಪಂಚೆಯ ಅಂಚನ್ನೂ ಇನ್ನೊಂದರಲ್ಲಿ ಹ್ಯಾಂಡಲನ್ನೂ ಹಿಡಿದು, ಮರ್ಯಾದೆಯನ್ನು ದೇವರಿಗೆ ಒಪ್ಪಿಸಿ, ಕಾಲನ್ನು ಟ್ಯಾಂಕಿನ ಮೇಲಿಂದ ತರುತ್ತಾರೆ. ಬ್ಯಾಂಕಿನ ಮ್ಯಾನೇಜರು ಮೊದಲು ಸೀಟನ್ನು ಕರವಸ್ತ್ರದಿಂದ ಒರೆಸಿ, ಸುತ್ತಮುತ್ತ ನೋಡಿ, ಯಾರ ಕಣ್ಣೂ ತಮ್ಮ ಮೇಲಿಲ್ಲವೆಂದು ಖಾತ್ರಿಯಾದ ಮೇಲೆ ಹತ್ತುತ್ತಾರೆ. ಕ್ಷಣಾರ್ಧದಲ್ಲಿ ಮುಗಿದುಹೋಗುವ ಈ ಪಾದವಿಕ್ಷೇಪದಲ್ಲಿ ಮನುಷ್ಯಸ್ವಭಾವದ ಸಮಸ್ತ ವೈವಿಧ್ಯವೂ ಅಡಗಿದೆಯೆಂಬ ಸತ್ಯ ನನಗೆ ಹೊಳೆದದ್ದು, ನನ್ನದೇ ಬಲಗಾಲು ಆ ಕಲೆಯಿಂದ ನಿವೃತ್ತಿ ಹೊಂದಿದ ಮೇಲೆ.

ನಾನು ರೈಟರು. ಗಾಬರಿಯಾಗಬೇಡಿ, ನಮ್ಮ ಕಾಫಿ ಸೀಮೆಯಲ್ಲಿ ರೈಟರೆಂದರೆ ಸಾಹಿತಿಯಲ್ಲ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕಿ, ಕುಯ್ದ ಹಣ್ಣು ತೂಗಿಸಿ, ಮಳೆ ಬಂದರೂ ಬಾರದಿದ್ದರೂ ಸಾಹುಕಾರರ ಸಿಟ್ಟಿಗೆ ಮೊದಲು ಸಿಕ್ಕುವ ಪ್ರಾಣಿಗೆ ಆ ಹೆಸರು. ಈ ಉದ್ಯೋಗವನ್ನು ನಾನು ಮೂವತ್ತು ವರ್ಷ ಮಾಡಿದ್ದು ಮೇಜಿನ ಹಿಂದೆ ಕೂತಲ್ಲ, ಬೈಕಿನ ಮೇಲೆ ಕೂತು. ಬೆಳಿಗ್ಗೆ ಒಂದು ಗುಡ್ಡ, ಮಧ್ಯಾಹ್ನ ಇನ್ನೊಂದು ಗುಡ್ಡ. ನಡುವಿನ ಕಲ್ಲುರಸ್ತೆ ನನ್ನನ್ನೂ ಬೈಕನ್ನೂ ನಿಷ್ಪಕ್ಷಪಾತವಾಗಿ ಕುಲುಕುತ್ತಿತ್ತು. ಈಗ ಕೆಲಸ ಬಿಟ್ಟು, ಆಲ್ದೂರಿನಿಂದ ನಾಲ್ಕು ಮೈಲಿ ಒಳಗೆ ನಮ್ಮದೇ ಮೂರೆಕರೆ ತೋಟದಲ್ಲಿ ನಾನೇ ಸಾಹುಕಾರ, ನಾನೇ ರೈಟರು. ಬೈಕಿನ ಬೇರಿಂಗು ಎರಡು ಸಲ ಬದಲಾಗಿತ್ತು. ಹೋದ ವರ್ಷ ನನ್ನ ಸರದಿ ಬಂತು. ಬಲಗಡೆ ಸೊಂಟದ ಕೀಲು ಪೂರಾ ಸವೆದಿದೆಯೆಂದು ಮಂಗಳೂರಿನ ಡಾಕ್ಟರು ಅದನ್ನು ತೆಗೆದು ಲೋಹದ್ದೊಂದನ್ನು ಕೂರಿಸಿದರು. ನೋಡಲು ಬಂದವರೆಲ್ಲ ಹಣ್ಣಿನ ಜೊತೆಗೆ ತಮಗೆ ಗೊತ್ತಿದ್ದ ಇನ್ನೊಬ್ಬ ಸೊಂಟದ ರೋಗಿಯ ಕಥೆಯನ್ನೂ ತಂದರು. ಆ ಕಥೆಗಳಲ್ಲಿ ಹೆಚ್ಚಿನವು ಸುಖಾಂತವಾಗಿರಲಿಲ್ಲ.

ಡಾಕ್ಟರು ಕೊಟ್ಟ ನಿಷೇಧಗಳ ಪಟ್ಟಿ ಯಾವ ವ್ರತಕ್ಕೂ ಕಡಿಮೆಯದಲ್ಲ. ನೆಲದ ಮೇಲೆ ಕೂರಬಾರದು, ಚಕ್ಕಳಮಕ್ಕಳ ಹಾಕಬಾರದು, ಬಿದ್ದದ್ದನ್ನು ಬಗ್ಗಿ ಎತ್ತಬಾರದು, ಭಾರದ್ದನ್ನು ಕಾಲಿಂದ ನೂಕಬಾರದು. ಇದರಿಂದಾಗಿ ಊರಿನ ಊಟದ ಪಂಕ್ತಿಗಳಲ್ಲಿ ನನಗೊಂದು ಕುರ್ಚಿ ಪ್ರಾಪ್ತವಾಗಿ, ಕೆಳಗೆ ಕೂತ ಹಿರಿಯರಿಗಿಂತ ಎರಡಡಿ ಮೇಲೆ ಕೂತು ಪಾಯಸ ಉಣ್ಣುವ ಸಂಕೋಚವನ್ನೂ ಅಭ್ಯಾಸ ಮಾಡಿಕೊಂಡೆ. ನಾಲ್ಕು ತಿಂಗಳ ಬಳಿಕ, ತಪಾಸಣೆಗೆ ಹೋದಾಗ, ಬೈಕಿನ ಪ್ರಸ್ತಾಪವನ್ನು ಮೆಲ್ಲಗೆ ತೆಗೆದೆ. ಓಡಿಸುವುದರಲ್ಲಿ ಅಪಾಯವಿಲ್ಲ, ಹತ್ತಿಳಿಯುವುದರಲ್ಲಿದೆ. ಕಾಲನ್ನು ಎತ್ತಿ ಬೀಸುವಂತಿಲ್ಲ ಎಂದರು ಅವರು. ಈ ಮಾತಿನ ಮೊದಲರ್ಧ ನನಗೆ ಕೇಳಿಸಿತು. ಉತ್ತರಾರ್ಧ, ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಸರೋಜಳಿಗೆ ಕೇಳಿಸಿತು.

ದಾಂಪತ್ಯದಲ್ಲಿ ಇಂಥ ಶ್ರವಣಭೇದಗಳು ಸಂಧಾನದಲ್ಲಿ ಮುಗಿಯಬೇಕಷ್ಟೆ. ಆಲ್ದೂರಿಗೆ ಒಬ್ಬನೇ ಹೋಗಿ, ಅರ್ಧ ಕೆಜಿ ಕಾಫಿಪುಡಿ ತಂದು, ಯಾರ ಸಹಾಯವೂ ಇಲ್ಲದೆ ಮನೆಯ ಮುಂದೆ ಇಳಿದರೆ ಬೈಕ್ ನನ್ನದು. ಇಲ್ಲವಾದರೆ ಅದು ರುದ್ರೇಶನದು. ರುದ್ರೇಶ ನಮ್ಮ ತೋಟದ ಕೆಲಸ ನೋಡುವ ಮೇಸ್ತ್ರಿ. ನಾನು ಆಸ್ಪತ್ರೆಯಲ್ಲಿದ್ದಾಗ ವಾರಕ್ಕೊಮ್ಮೆ ಬೈಕನ್ನು ಸ್ಟಾರ್ಟ್ ಮಾಡಿಡುವ ನೆಪದಲ್ಲಿ ಅದರ ಮೇಲೆ ಮೋಹ ಬೆಳೆಸಿಕೊಂಡಿದ್ದ. ಕಣದ ತುಂಬ ಕಾಫಿ ಒಣಗುತ್ತಿರುವ ಮನೆಯವರು ಕುಡಿಯುವ ಪುಡಿಯನ್ನು ಪೇಟೆಯಿಂದ ತರುವುದೇಕೆಂದು ಕೇಳಬೇಡಿ; ಬೆಳೆಗಾರರ ಮನೆಗಳಲ್ಲಿ ಅದು ಹಾಗೇ. ಸರೋಜಳ ಷರತ್ತಿಗೆ ನಾನು ನಗುನಗುತ್ತ ಒಪ್ಪಿದೆನಾದರೂ ಒಳಗೆ ಹೆದರಿಕೆಯಿತ್ತು. ಬೈಕ್ ಹೋದರೆ ಬದುಕಿನ ಸರಹದ್ದು ನಮ್ಮ ಗೇಟಿಗೇ ಬಂದು ನಿಲ್ಲುತ್ತದೆ, ಆಮೇಲೆ ಎಲ್ಲಿಗೆ ಹೋಗಬೇಕಾದರೂ ಇನ್ನೊಬ್ಬರ ಪುರುಸೊತ್ತು ಕೇಳಬೇಕು. ಮೂವತ್ತು ವರ್ಷ ಇನ್ನೊಬ್ಬರ ಹಾಜರಿ ಹಾಕಿದವನಿಗೆ ಅದು ಸುಲಭದ ಮಾತಲ್ಲ.

ಉಪಾಯ ಹೊಳೆದದ್ದು ಕಣದಲ್ಲಿ. ಕಾಫಿ ಒಣಗಿಸುವ ನಮ್ಮ ಸಿಮೆಂಟು ಕಣ ಇಳಿಜಾರಿನಲ್ಲಿರುವುದರಿಂದ ಅದರ ಕೆಳಗಿನ ಅಂಚು ಕಾಲುದಾರಿಯ ಪಕ್ಕ ಮೊಣಕಾಲೆತ್ತರದ ಕಟ್ಟೆಯಾಗಿ ನಿಂತಿದೆ. ಬೈಕನ್ನು ಅದಕ್ಕೆ ತಾಗಿಸಿ ನಿಲ್ಲಿಸಿ ಮೇಲೆ ನಿಂತರೆ ಸೀಟು ತೀರ ಕೆಳಗೆ ಬರುತ್ತದೆ. ಕಾಲನ್ನು ಬೀಸುವ ಪ್ರಮೇಯವೇ ಇಲ್ಲ, ಹೊಸಿಲು ದಾಟಿದಂತೆ ದಾಟಿಸಿದರಾಯಿತು. ಕಟ್ಟೆ ಎಡಕ್ಕಿರಬೇಕು, ಅಷ್ಟೇ. ಹಾಗೆಯೇ ಮಾಡಿದೆ. ಸರೋಜ ಬಾಗಿಲಲ್ಲಿ ನಿಂತು ನೋಡಿದಳು. ಪಾರ್ಚ್‌ಮೆಂಟು, ಅಂದರೆ ಸಿಪ್ಪೆ ಸುಲಿದ ಕಾಫಿಬೀಜ, ಕೆದಕುತ್ತಿದ್ದ ರುದ್ರೇಶನ ಮುಖ ಸಣ್ಣಗಾಯಿತು.

ಆಮೇಲಿನ ನಾಲ್ಕು ಮೈಲಿಯನ್ನು ವರ್ಣಿಸಲು ನಿಜವಾದ ರೈಟರೇ ಬೇಕು. ಕುಯ್ಲು ಮುಗಿದು ಹಗುರಾದ ಗಿಡಗಳು, ಸಿಲ್ವರ್ ಓಕಿನ ಸಾಲು, ಎಲ್ಲೋ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನಿಂದ ಬರುವ ಹುಳಿಹುಳಿ ವಾಸನೆ, ಪ್ರತಿ ತಿರುವಿನಲ್ಲೂ ದೇಹ ತಾನಾಗಿ ವಾಲಿಕೊಳ್ಳುವ ಆ ಹಳೆಯ ಸುಖ. ಸೊಂಟದಲ್ಲಿದ್ದ ಲೋಹವೂ ಬೈಕಿನ ಲೋಹವೂ ಪೂರ್ವಪರಿಚಿತರಂತೆ ಹೊಂದಿಕೊಂಡವು. ಹೆಗಲು ಮಾತ್ರ ಏಕೋ ಬರಿದಾಗಿದೆಯೆನಿಸಿತು. ಕಳಸಕ್ಕೋ ಹೊರನಾಡಿಗೋ ಹೋಗುವಾಗಲೆಲ್ಲ ಸರೋಜಳ ಕೈ ಅಲ್ಲಿರುತ್ತಿತ್ತು. ತಿರುವು ಜೋರಾದರೆ ಬಿಗಿಯಾಗುತ್ತಿತ್ತು, ನಾನು ವೇಗ ತಗ್ಗಿಸುತ್ತಿದ್ದೆ.

ಆಲ್ದೂರು ತಲುಪಿದಾಗ ನನ್ನ ಯೋಜನೆಯ ಮೊದಲ ಬಿರುಕು ಕಾಣಿಸಿತು. ಅಂದು ಸಂತೆ. ಅಂಗಡಿಗಳ ಮುಂದಿನ ಕಟ್ಟೆಗಳ ತುಂಬ ಸೊಪ್ಪು, ಬದನೆ, ಒಣಮೀನು. ಖಾಲಿಯಿದ್ದ ಒಂದೆರಡು ಕಟ್ಟೆಗಳಿಗೂ ರಸ್ತೆಗೂ ನಡುವೆ ಚರಂಡಿ. ಸರಿ, ಇಳಿಯದೇ ಪುಡಿ ತೆಗೆದುಕೊಂಡು ಹೋದರಾಯಿತೆಂದುಕೊಂಡೆ. ಆದರೆ ನಮ್ಮ ಸೀಮೆಯ ರಿವಾಜು ನಿಮಗೆ ಗೊತ್ತಿರಬೇಕು. ಇಲ್ಲಿ ಯಾರೂ ಎದುರಾದವರನ್ನು ಮೊದಲು ಕ್ಷೇಮವೇ ಎಂದು ಕೇಳುವುದಿಲ್ಲ, ಇಳಿಯಿರಿ ಎನ್ನುತ್ತಾರೆ. ಇಳಿದು ಒಂದು ಲೋಟ ಕಾಫಿ ಕುಡಿದ ಮೇಲೆ ಉಳಿದ ಮಾತು. ವಾಹನದ ಮೇಲೇ ಕೂತು ಮಾತಾಡಿಸಿ ಹೋದವನ ಬಗ್ಗೆ ಅವನು ತಿರುವು ದಾಟುವ ಮೊದಲೇ ತೀರ್ಮಾನವಾಗಿರುತ್ತದೆ. ನನಗೋ, ಪೂರ್ತಿ ಗುಣವಾಗಿದ್ದೇನೆಂದು ನಾಲ್ಕು ತಿಂಗಳು ಫೋನಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ ಜಂಬ. ಇಳಿಯಲಾರೆ ಎಂದು ಬಾಯಿಬಿಟ್ಟು ಹೇಳಲು ಅದು ಬಿಡಲಿಲ್ಲ.

ಪುಡಿ ಅಂಗಡಿಯ ಸುಬ್ಬಣ್ಣ ನನ್ನ ಹಳೆಯ ಸ್ನೇಹಿತ. ಮೂರು ಸಲ ಇಳಿಯಿರೆಂದ. ಮೊದಲ ಸಲ ಅವಸರವಿದೆಯೆಂದೆ, ಎರಡನೆಯ ಸಲ ಆಗಷ್ಟೇ ಕಾಫಿಯಾಗಿದೆಯೆಂದೆ, ಮೂರನೆಯ ಸಲಕ್ಕೆ ಸುಳ್ಳು ತೀರಿಹೋಗಿತ್ತು. ಅವನು ಪುಡಿಯ ಪೊಟ್ಟಣವನ್ನೂ ಕಾಫಿಲೋಟವನ್ನೂ ತಾನೇ ರಸ್ತೆಗೆ ತಂದು ಕೊಟ್ಟು, ಮೆತ್ತಗೆ ಹೇಳಿದ:

"ಸೊಂಟ ಹೊಸದಾದ್ಮೇಲೆ ಭಾರಿ ದೊಡ್ಡೋರಾಗಿಬಿಟ್ರಿ ಮಾರಾಯ್ರೇ."

ಸಂತೆಯ ನಟ್ಟನಡುವೆ, ಉತ್ಸವಮೂರ್ತಿಯಂತೆ ವಾಹನಾರೂಢನಾಗಿ ಕಾಫಿ ಸ್ವೀಕರಿಸಿದೆ. ಬಂದವರೆಲ್ಲ ಕೈಮುಗಿದರು, ಇಳಿಯಿರೆಂದರು, ಇಳಿಯದ್ದನ್ನು ಕಂಡು ಮುಖ ತಿರುಗಿಸಿದರು. ಒಂದು ಗಳಿಗೆಯಲ್ಲಿ ನಾನು ಕಳೆದುಕೊಂಡ ಸ್ನೇಹವನ್ನು ಸಂಪಾದಿಸಲು ಎಷ್ಟು ವರ್ಷ ಹಿಡಿದಿತ್ತೆಂದು ಯೋಚಿಸುತ್ತ ಬೈಕ್ ತಿರುಗಿಸಿದೆ. ಸುಬ್ಬಣ್ಣ ಹಾಗೆ ನೊಂದುಕೊಂಡದ್ದು ನಿಜಕ್ಕೂ ಮನಸ್ಸಿಗೆ ಚುಚ್ಚಿತು. ಇರಲಿ, ಗೆದ್ದ ಮೇಲೆ ಎಲ್ಲರಿಗೂ ವಿವರಿಸಿದರಾಯಿತೆಂದು ಸಮಾಧಾನ ಹೇಳಿಕೊಂಡೆ. ಇನ್ನೇನಿದ್ದರೂ ಕಣದ ಕಟ್ಟೆಗೆ ಹೋಗಿ ಇಳಿಯುವುದೊಂದೇ ಬಾಕಿ.

ಮನೆಯ ದಾರಿಗೆ ತಿರುಗಿ ಕಣ ಕಣ್ಣಿಗೆ ಬಿದ್ದಾಗ ವೇಗ ತಗ್ಗಿಸಿದೆ. ಹೋಗುವಾಗ ಎಡಕ್ಕಿದ್ದ ಕಟ್ಟೆ ಬರುವಾಗ ಬಲಕ್ಕಿರುತ್ತದೆ. ಇದನ್ನು ಒಂದನೇ ತರಗತಿಯ ಮಗುವೂ ಹೇಳೀತು. ಇಡೀ ಎಸ್ಟೇಟಿನ ನಕ್ಷೆಯನ್ನು ತಲೆಯಲ್ಲಿಟ್ಟುಕೊಂಡು ಮೂವತ್ತು ವರ್ಷ ತಿರುಗಿದ ನನಗೆ ಹೊಳೆದಿರಲಿಲ್ಲ. ಬಲಕ್ಕೇ ಇಳಿಯೋಣವೆಂದರೆ ಮೈಭಾರವೆಲ್ಲ ಹೊಸ ಕೀಲಿನ ಮೇಲೇ ಬೀಳುತ್ತದೆ. ದಾರಿ ಕಿರಿದು, ಅಂಗಳದಲ್ಲಿ ಟ್ರ್ಯಾಕ್ಟರಿನ ಟ್ರೈಲರು ನಿಂತಿದೆ, ಕಾಲಿಂದ ನೂಕಿ ನೂಕಿ ಹಿಂದೆಮುಂದೆ ಮಾಡಿ ತಿರುಗಿಸೋಣವೆಂದರೆ ಡಾಕ್ಟರು ಬೇಡವೆಂದದ್ದೇ ಅದನ್ನು. ಎಂಜಿನ್ ಆರಿಸಿ, ಎರಡು ಕಾಲನ್ನೂ ನೆಲಕ್ಕೂರಿ, ಬಲಕ್ಕಿದ್ದ ಆ ಸುಂದರವಾದ ಕಟ್ಟೆಯನ್ನು ನೋಡುತ್ತ ಕೂತೆ. ರುದ್ರೇಶ ಕೆದಕುವ ಕೋಲು ಹಿಡಿದು ನಿಂತೇಬಿಟ್ಟ. ಸರೋಜ ಮೆಟ್ಟಿಲಿಳಿದು ಬಂದಳು.

ಅವಳಿಗೆ ವಿಷಯ ಆಗಲೇ ಗೊತ್ತಾಗಿತ್ತು. ಸಂತೆಯಿಂದ ಮೂರು ಫೋನು ಬಂದಿದ್ದವಂತೆ, ಮೂರರಲ್ಲೂ ಒಂದೇ ದೂರು, ರೈಟರು ಇಳಿಯಲಿಲ್ಲವೆಂದು. ಅವಳು ಎಲ್ಲರಿಗೂ ಇದ್ದದ್ದನ್ನು ಇದ್ದಹಾಗೆ ಹೇಳಿದ್ದಳು. ಸುಬ್ಬಣ್ಣ ಕೇಳಿ, ಮೊದಲೇ ಹೇಳಿದ್ದರೆ ಸಕ್ಕರೆ ಮೂಟೆಯನ್ನೇ ತಂದು ಪಕ್ಕಕ್ಕೆ ಹಾಕುತ್ತಿದ್ದೆನಲ್ಲ ಎಂದನಂತೆ. ಅಂದರೆ ನಾನು ಕಾಪಾಡಿಕೊಂಡು ಬಂದ ಗುಟ್ಟು ನನಗಿಂತ ಮೊದಲೇ ಮನೆ ಸೇರಿತ್ತು.

ಅವಳು ಬಂದು ಬೈಕಿನ ಎಡಕ್ಕೆ, ಹ್ಯಾಂಡಲಿನ ಪಕ್ಕ, ಗಟ್ಟಿಯಾಗಿ ಪಾದವೂರಿ ನಿಂತಳು. ಹೆಗಲನ್ನು ಒಂದಿಷ್ಟು ನನ್ನ ಕಡೆ ತಂದಳು. ನಾನು ಕೈಯೆತ್ತಲಿಲ್ಲ. ಸಹಾಯ ತೆಗೆದುಕೊಂಡರೆ ಸೋತಂತೆ, ಬೈಕ್ ರುದ್ರೇಶನ ಪಾಲು ಎಂದೆ.

"ಮೂವತ್ತು ವರ್ಷ ನಿಮ್ಮ ಹೆಗಲು ಹಿಡ್ಕಂಡೇ ಹತ್ತಿ ಇಳ್ದೋಳು ನಾನು," ಎಂದಳು ಸರೋಜ. "ಒಂದು ದಿನನಾದ್ರೂ ಅದಕ್ಕೆ ನನ್ನ ಬಿಟ್ಟು ಹೋದ್ರಾ?"

ಕೈ ಅವಳ ಹೆಗಲಿಗೆ ಹೋಯಿತು. ಸ್ಟ್ಯಾಂಡು ಹಾಕಿ, ಬೈಕನ್ನು ಎಡಕ್ಕೆ ವಾಲಿಸಿ, ಸೀಟಿನ ಮೇಲಿಂದ ಬಲಗಾಲನ್ನು ಮೆಲ್ಲಮೆಲ್ಲಗೆ ಎಳೆದುಕೊಂಡು ನೆಲಕ್ಕಿಟ್ಟೆ. ಭಾರ ಬಿದ್ದಾಗ ಅವಳು ಒಂದಿಷ್ಟೂ ಅಲುಗಲಿಲ್ಲ. ಇದೆಲ್ಲ ಮುಗಿಯುವವರೆಗೂ ರುದ್ರೇಶ ನಮಗೆ ಬೆನ್ನು ಮಾಡಿ, ಆಗಷ್ಟೇ ಕೆದಕಿದ್ದ ಪಾರ್ಚ್‌ಮೆಂಟನ್ನೇ ಇನ್ನೊಮ್ಮೆ ಕೆದಕುತ್ತಿದ್ದ. ನಾನು ತೀರ್ಪು ಕೇಳಿದ್ದಕ್ಕೆ ತಾನೇನೂ ನೋಡಲಿಲ್ಲ ಎಂದ; ಹಾಗೆ ಬೈಕ್ ನನ್ನಲ್ಲೇ ಉಳಿಯಿತು. ಮರುವಾರ ದಾರಿಯ ಆಚೆ ಬದಿಗೂ ಕಲ್ಲು ಹೊತ್ತು ತಂದು ಮೊಣಕಾಲೆತ್ತರಕ್ಕೆ ಜೋಡಿಸಿಟ್ಟವನು ಅವನೇ.

ಆ ಕಟ್ಟೆ ಬಹಳ ಅನುಕೂಲವಾಗಿದೆ. ಸರೋಜ ಮನೆಯಲ್ಲಿಲ್ಲದಾಗ ಅದನ್ನು ಬಳಸುತ್ತೇನೆ. ಸುಬ್ಬಣ್ಣನ ಅಂಗಡಿಯ ಮುಂದೆ ನಾನು ಹಾರ್ನ್ ಹಾಕಿದರೆ ಸಕ್ಕರೆ ಮೂಟೆ ಬರುತ್ತದೆ, ಇಳಿದು ಕಾಫಿ ಕುಡಿದೇ ಬರುತ್ತೇನೆ. ರಸ್ತೆಯಲ್ಲಿ ಬೈಕ್ ಹತ್ತುವವರನ್ನು ನೋಡುವ ಚಟ ಇನ್ನೂ ಬಿಟ್ಟಿಲ್ಲ. ಆದರೆ ಈಗೀಗ ಕಣ್ಣು ಅವರ ಬಲಗಾಲಿನ ಮೇಲೆ ನಿಲ್ಲುವುದಿಲ್ಲ. ಕೈ ಯಾರ ಹೆಗಲ ಮೇಲಿದೆಯೆಂದು ನೋಡುತ್ತೇನೆ.