ನೆಲಕ್ಕೆ ಬಿದ್ದ ಲಗಾಮು

ಯುದ್ಧ ಮುಗಿದ ಮೇಲೆ ಸೈನ್ಯದವರು ಬೇಡವೆಂದು ಹರಾಜು ಹಾಕಿದ ಕುದುರೆಯೊಂದನ್ನು ಅಪ್ಪ ಜಟಕಾ ಗಾಡಿಗೆಂದು ತಂದಿದ್ದ. ಮನೆಯಲ್ಲಿ ಅಪ್ಪ, ನಾನು, ಕುದುರೆ, ಮೂವರೇ. ಅದನ್ನು ಕಟ್ಟುವ ಗೊಡವೆಯಿರಲಿಲ್ಲ. ಲಗಾಮನ್ನು ನೆಲಕ್ಕೆ ಬಿಟ್ಟರೆ ಸಾಕು, ಸೈನ್ಯದಲ್ಲಿ ಕಲಿತಂತೆ, ಮತ್ತೆ ಎತ್ತುವವರೆಗೂ ನಿಂತಲ್ಲೇ ನಿಲ್ಲುತ್ತಿತ್ತು.

ಒಮ್ಮೆ ಮಾಂಬಳ್ಳಿಯಿಂದ ರೇಷ್ಮೆಗೂಡು ಹೇರಿಕೊಂಡು ಹೋದ ಅಪ್ಪ ಕೊಳ್ಳೇಗಾಲದ ಪೇಟೆಯಲ್ಲಿ ಕುಸಿದು ತೀರಿಕೊಂಡ. ಜನ ಅವನನ್ನು ಎತ್ತಿ ತಂದರು, ಅವನ ಕೈಯಿಂದ ನೆಲಕ್ಕೆ ಜಾರಿದ್ದ ಲಗಾಮನ್ನು ಯಾರೂ ಎತ್ತಲಿಲ್ಲ. ಮಾರನೆಯ ದಿನ ನಾನು ಹೋದಾಗ ಕುದುರೆ ಗಾಡಿ ಸಮೇತ ಅಲ್ಲೇ ನಿಂತಿತ್ತು. ಬೆನ್ನ ಮೇಲೆ ಬಾಸುಂಡೆ. ಎತ್ತು ಹೊಡೆದು ರೂಢಿಯಾದ ಜನ, ಹಿಂದಿನಿಂದಲೇ ಬಾರಿಸಿದ್ದರು.

"ಒಡುದ್ರೂ ಅಲ್ಲಾಡ್ನಿಲ್ಲ ಕಣವ್ವಾ, ಬಲೇ ಮೊಂಡು" ಎಂದ ಅಂಗಡಿಯವನು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಲಗಾಮು ಎತ್ತಿದೆ. ಕುದುರೆ ಮನೆಯ ದಾರಿ ಹಿಡಿಯಿತು. ಲಗಾಮು ಎತ್ತಲು ಅದಕ್ಕಾದರೂ ನಾನಿದ್ದೆ, ನನಗೆ ಯಾರಿದ್ದರು?