ಸೋಪು ಹುಟ್ಟಿಸಿದ ಅನುಮಾನ

ಮೆಕ್ಯಾನಿಕ್‌ನ ಹೆಂಡತಿಗೆ ಗಂಡನ ಮೇಲೆ ಅನುಮಾನ ಹುಟ್ಟಿದ್ದು ಸೋಪಿನಿಂದ. ಊಟಕ್ಕೂ ನೆಟ್ಟಗೆ ಕೈ ತೊಳೆಯದ ಆಸಾಮಿ, ಈಚೆಗೆ ಗ್ಯಾರೇಜಿನಿಂದ ಬಂದವನೇ ಉಗುರುಸಂದಿಯ ಗ್ರೀಸನ್ನೂ ತಿಕ್ಕಿ ತೆಗೆದು ಕೋಣೆ ಸೇರಿಕೊಳ್ಳುತ್ತಿದ್ದ. ಇದರಲ್ಲೇನೋ ಮಸಲತ್ತಿದೆ ಎಂದುಕೊಂಡು ಒಂದು ಸಂಜೆ ಅವಳು ಬಾಗಿಲು ತಳ್ಳಿಯೇಬಿಟ್ಟಳು. ಅವನ ಕೈಯಲ್ಲಿದ್ದದ್ದು ಪಕ್ಕದ ಮನೆಯ ಮೇಷ್ಟ್ರ ಕುರಾನ್.

"ಚರ್ಚಿಗೆ ಕೈಕೊಡೋ ಯೋಚನೆನಾ?"

"ಅವರು ಏನು ನಂಬ್ತಾರೆ ಅಂತ ಓದ್ತಿದ್ದೀನಿ ಕಣೇ, ಅಷ್ಟೇ."

"ಮತ್ತೆ ಈ ಸೋಪಿನ ಉಪಚಾರ ಯಾಕೆ? ನಮ್ಮ ಬೈಬಲ್‌ಗೆ ಒಂದು ದಿನನಾದ್ರೂ ಕೈ ತೊಳೆದಿದ್ದೀರಾ?"

"ಅದು ನಂದು. ಇದು ಅವರದು, ಕೊಳೆ ಮಾಡೋಕಾಗುತ್ತಾ?"

ಅವಳು ನಂಬಲಿಲ್ಲ. ಕಪಾಟಿನಿಂದ ಅವನ ಬೈಬಲನ್ನು ಎಳೆದು ಬಿಡಿಸಿದಳು. ಮೊದಲ ಪುಟದಿಂದ ಕೊನೆಯವರೆಗೂ ಗ್ರೀಸು ಮೆತ್ತಿದ ಹೆಬ್ಬೆರಳಿನ ಕಪ್ಪು ಗುರುತುಗಳು.

"ಥೂ, ನೋಡಿ ನಿಮ್ಮ ಭಕ್ತಿ! ನಂದು ನೋಡಿ, ಮದುವೆಗೆ ಕೊಟ್ಟಾಗ ಹೇಗಿತ್ತೋ ಹಾಗೇ ಇದೆ," ಎನ್ನುತ್ತಾ ತನ್ನದನ್ನೂ ತಂದು ತೆರೆದಳು. ಚಿನ್ನದಂಚಿನ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಹೋದರೆ ಪಟಪಟನೆ ಸದ್ದಾಯಿತು.

ಅವಳು ಗಪ್ಪನೆ ಮುಚ್ಚಿದಳು. ಗಂಡ ತಲೆಯೆತ್ತಲಿಲ್ಲ. ಆ ಸದ್ದು ಅವನಿಗೆ ಕೇಳಿಸಿತೇ ಎಂಬುದೇ ಈಗ ಅವಳ ಹೊಸ ಅನುಮಾನ.